ಮೇಲ್ಮನೆಗೆ ಹೋಗದ ವಕೀಲ್ ಸಾಹೇಬರು

ವಕೀಲ್ ಸಾಹೇಬರು ತೀರಿಕೊಂಡ ಸುದ್ದಿ ನನಗೆ ಬಂದದ್ದು ಫೋನಿನಲ್ಲಿ, ಒಂದು ಚಿತ್ರವಾಗಿ. ಕಪ್ಪು ಹಿನ್ನೆಲೆ, ಮೂಲೆಗಳಲ್ಲಿ ಬಿಳಿ ಗುಲಾಬಿ, ನಡುವೆ ಒಂದು ಹಳೆಯ ಫೋಟೊ. ಕುರಿಮರಿಯ ತುಪ್ಪಳದ ಕರಾಕುಲ್ ಟೋಪಿ ಹಾಕಿದ ತೆಳ್ಳನೆಯ ಯುವಕನೊಬ್ಬ ಅಫ್ಘಾನಿಸ್ತಾನದ ರಾಜನ ಕೈ ಕುಲುಕುತ್ತಿದ್ದಾನೆ. ಅದರ ಕೆಳಗೆ ಮೂರು ಸಾಲು. ಮೊದಲನೆಯದು ಹೆಸರು. ಎರಡನೆಯದು, ‘ಮಾಜಿ ಸೆನೆಟರ್, ಘನತೆವೆತ್ತ ರಾಜರಿಂದ ನಾಮಕರಣಗೊಂಡವರು’. ಮೂರನೆಯದು, ‘ರಾಜರ ಆಪ್ತರು’. ಹೆಸರೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಸುಳ್ಳು.

ಅಳು ಬರಬೇಕಾದ ಹೊತ್ತಿನಲ್ಲಿ ನನಗೆ ಸಿಟ್ಟು ಬಂತು. ಇದನ್ನು ಬರೆಯುತ್ತಿರುವಾಗಲೂ ಅದು ಪೂರ್ತಿ ಇಳಿದಿಲ್ಲ.

ಫ್ಲ್ಯಾಟಿನಲ್ಲಿ ನನ್ನ ಜೊತೆಗಿರುವ ಮೈಸೂರಿನ ಸಹನಾ ಫೋನು ಇಸಿದುಕೊಂಡು ನೋಡಿದಳು. “ಅಯ್ಯೋ ಪಾಪ, ತಾತ ಹೋಗ್ಬಿಟ್ರಾ” ಎಂದಳು. ಆಮೇಲೆ ಚಿತ್ರವನ್ನು ದೊಡ್ಡದು ಮಾಡಿ ಓದಿ, “ಸೆನೆಟರ್ ಅಂತೆ ಕಣೇ! ನೀನು ಬರೀ ಎಂ.ಪಿ. ಅಂತಿದ್ದೆ.”

“ಎಂ.ಪಿ.ನೇ. ಸೆನೆಟರ್ ಅಲ್ಲ.”

“ಹಂಗಾದ್ರೆ ಪ್ರಮೋಷನ್ ಕೊಟ್ಟಿದಾರೆ, ಬಿಡು. ಸತ್ಮೇಲೆ ಎಲ್ರಿಗೂ ಒಂಚೂರು ಕೊಡ್ತಾರೆ.”

“ಯಾಕ ಬಿಡ್ಬೇಕು? ಆರಿಸಿ ಬಂದ ಎಂ.ಎಲ್.ಎ. ಒಬ್ಬರು ಸತ್ತ ಮ್ಯಾಲ, ಇವರು ಪರಿಷತ್ತಿಗೆ ನಾಮಕರಣ ಆದವರು ಅಂತ ಬೋರ್ಡ್ ಹಾಕಿದ್ರ ನಿಮ್ಮ ಮೈಸೂರಾಗ ಸುಮ್ನ ಇರ್ತಾರೇನು?”

ಸಹನಾ ಸ್ವಲ್ಪ ಯೋಚಿಸಿದಳು. “ನಮ್ಮಲ್ಲಿ ಸೋತೋರನ್ನ ತಾನೆ ಪರಿಷತ್ತಿಗೆ ಕಳ್ಸೋದು?”

“ಅದನ್ನ ನಾನೂ ಹೇಳೋದು!”

ನಾನು ಕಲಬುರಗಿಯವಳು. ರಾಟರ್‌ಡ್ಯಾಮಿನ ಪಕ್ಕದ ಕಾಪೆಲ್ಲೆಯಲ್ಲಿ ಒಂದು ವಿಮಾ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಬಾಡಿಗೆಯ ಮನೆ ನಾಲ್ಕನೇ ಮಹಡಿಯಲ್ಲಿ. ಅದೇ ಮಹಡಿಯ ಕೊನೆಯ ಮನೆ ವಕೀಲ್ ಸಾಹೇಬರದು. ಅವರ ದೇಶದಲ್ಲಿ ಜನ ಆರಿಸಿ ಕಳಿಸಿದ ಸಂಸತ್ ಸದಸ್ಯನನ್ನು ವಕೀಲ ಎನ್ನುತ್ತಾರೆ. ರಾಜನ ಆಳ್ವಿಕೆಯ ಕೊನೆಯ ಸಂಸತ್ತಿನಲ್ಲಿ, ಕೆಳಮನೆಯಲ್ಲಿ, ಅವರು ಕೂತಿದ್ದರು. ಆ ಸಂಸತ್ತು ಮುಚ್ಚಿ ಅರ್ಧ ಶತಮಾನ ದಾಟಿದರೂ ಇಲ್ಲಿನ ಅಫ್ಘನ್ನರು ಅವರನ್ನು ಹಾಗೆಯೇ ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆದೆ. ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಮೊದಲು ಕಣ್ಣಿಗೆ ಬಿದ್ದದ್ದು ಅವರಲ್ಲ, ಅವರ ಎರಡು ಕುರ್ಚಿಗಳು. ಪ್ರತಿ ಶನಿವಾರ ಬೆಳಿಗ್ಗೆ ಮನೆಯ ಮುಂದಿನ ಉದ್ದನೆಯ ತೆರೆದ ವರಾಂಡದಲ್ಲಿ ಎರಡು ಕುರ್ಚಿ ಪಕ್ಕಪಕ್ಕ ಬರುತ್ತಿದ್ದವು. ಒಂದರಲ್ಲಿ ಕೋಟು, ಟೋಪಿ ತೊಟ್ಟು ಅವರು ಕೂರುತ್ತಿದ್ದರು. ಇನ್ನೊಂದು ಖಾಲಿ. ಗಾಳಿ ಎಷ್ಟೇ ಬೀಸಲಿ, ಮಧ್ಯಾಹ್ನದವರೆಗೆ ಎದ್ದು ಹೋಗುತ್ತಿರಲಿಲ್ಲ. ಕೆಲವು ವಾರ ನೋಡಿ ತಡೆಯಲಾರದೆ ಕೇಳಿದೆ: “ಯಾರಾದರೂ ಬರುವವರಿದ್ದಾರಾ?”

ಅವರ ಉರ್ದು ಪೇಶಾವರದಲ್ಲಿ ನಿರಾಶ್ರಿತರಾಗಿದ್ದಾಗ ಕಲಿತದ್ದು, ನನ್ನದು ಕಲಬುರಗಿಯ ದಖನಿ. ನಡುವೆ ಸಾಕಷ್ಟು ಜಾಗವಿತ್ತು, ಆದರೆ ದಾಟಬಹುದಿತ್ತು.

“ಬಂದಿರಲ್ಲ, ನೀವೇ” ಎಂದರು. “ಕೂತ್ಕೊಳ್ಳಿ. ಏನು ಕಷ್ಟ?”

ಸದಸ್ಯರಾಗಿದ್ದಾಗ ಊರಿಗೆ ಹೋದಾಗಲೆಲ್ಲ ಅವರು ಹೀಗೆ ಕೂರುತ್ತಿದ್ದರಂತೆ. ಬಂದವರು ಎದುರಿಗೆ ನಿಲ್ಲುವಂತಿರಲಿಲ್ಲ, ಪಕ್ಕದಲ್ಲಿ, ಅದೇ ಎತ್ತರದಲ್ಲಿ ಕೂರಬೇಕಿತ್ತು. “ನಿಲ್ಲಿಸಿದರೆ ಮನುಷ್ಯ ಬೇಡಿಕೊಳ್ಳುತ್ತಾನೆ. ಕೂರಿಸಿದರೆ ವಿಷಯ ಹೇಳುತ್ತಾನೆ” ಎನ್ನುತ್ತಿದ್ದರು. ಸಂಸತ್ತು ಹೋಯಿತು, ಊರು ಹೋಯಿತು, ಕುರ್ಚಿ ಹಾಕುವುದು ಮಾತ್ರ ನಿಲ್ಲಲಿಲ್ಲ.

ನನಗಿದ್ದ ಕಷ್ಟ ಲಿಫ್ಟಿನದು. ಅದು ಮತ್ತೆ ಮತ್ತೆ ಕೆಡುತ್ತಿತ್ತು. “ಯಾವಾಗಿನಿಂದ?” ಎಂದರು. ನನಗೆ ದಿನಚರಿ ಬರೆಯುವ ಅಭ್ಯಾಸ. ಅದರಲ್ಲಿ ಭಾವನೆ ಕಡಿಮೆ, ತಾರೀಖು ಜಾಸ್ತಿ. ಮಳೆ ಬಂದದ್ದು, ರೈಲು ತಪ್ಪಿದ್ದು, ಲಿಫ್ಟು ನಿಂತದ್ದು. ಫೋನು ತೆಗೆದು ಓದಿ ಹೇಳಿದೆ. ಅವರ ಮುಖ ಬದಲಾಯಿತು. ಒಳಗೆ ತಿರುಗಿ ತಮ್ಮ ಭಾಷೆಯಲ್ಲಿ ಕೂಗಿ, ನನಗೂ ಅರ್ಥ ಹೇಳಿದರು: “ಬೀಬಿ, ಚಹಾ! ತಾರೀಖು ಇಟ್ಟುಕೊಂಡಿರುವ ಹುಡುಗಿಯೊಬ್ಬಳು ಬಂದಿದ್ದಾಳೆ!”

ಅವರ ಹೆಂಡತಿಯನ್ನು ಎಲ್ಲರೂ ಬೀಬಿ ಎನ್ನುತ್ತಿದ್ದರು. ಕುಳ್ಳಗಿನ ಹೆಂಗಸು, ಮಂಡಿ ನೋವಿನಿಂದಾಗಿ ಬಾಗಿಲ ಚೌಕಟ್ಟು, ಕುರ್ಚಿಯ ಬೆನ್ನು, ಯಾರದಾದರೂ ಭುಜ ಹಿಡಿದೇ ಓಡಾಟ. ಏಲಕ್ಕಿ ಹಾಕಿದ ಹಸಿರು ಚಹಾ, ಸಕ್ಕರೆ ಮೆತ್ತಿದ ಬಾದಾಮಿ ತಂದಿಟ್ಟು ಹೋದರು. ಮುಂದೆ ನಾನು ಹೋದಾಗಲೆಲ್ಲ ಅವರು ಹೆಚ್ಚಾಗಿ ಹೇಳುತ್ತಿದ್ದುದು ಒಂದೇ ಮಾತು. ಗಂಡನ ಮಾತು ಉದ್ದವಾದಾಗ, “ಚಹಾ ಆರುತ್ತೆ.”

ಅಂದಿನಿಂದ ನಾನು ಅವರಿಗೆ ‘ದುಖ್ತರಮ್’ ಆದೆ. ನನ್ನ ಮಗಳೇ ಎಂದರ್ಥ. ನೀವು ಹೋಗಿ ನೀನು ಆಯಿತು. ಶನಿವಾರ ಬಂದರೆ ಸಹನಾಳ ತಮಾಷೆ: “ಹೋಗಮ್ಮ, ನಿನ್ ಎಂ.ಪಿ. ಸಾಹೇಬ್ರು ಅಪಾಯಿಂಟ್‌ಮೆಂಟ್ ಕೊಟ್ಟಿದಾರೆ. ನಮ್ ಬಾತ್‌ರೂಮಲ್ಲಿ ಸೋರೋದನ್ನೂ ಒಂದ್ ಮಾತು ಹೇಳು.”

ಆ ಚಳಿಗಾಲ ಕೆಳಗಿನ ಸಾಮೂಹಿಕ ಕೋಣೆಯಲ್ಲಿ ಬಾಡಿಗೆದಾರರ ಸಭೆ ಇತ್ತು. ಅಧ್ಯಕ್ಷೆ ಎತ್ತರದ, ನಗುಮುಖದ ಡಚ್ ಹೆಂಗಸು. ಪ್ರಶ್ನೆಗಳಿವೆಯೇ ಎಂದದ್ದೇ ತಡ, ವಕೀಲ್ ಸಾಹೇಬರು ಕೋಲೂರಿ ಎದ್ದರು. ನಿಧಾನವಾದ, ಒಂದೊಂದೇ ಇಟ್ಟಿಗೆ ಇಟ್ಟಂಥ ಡಚ್ಚಿನಲ್ಲಿ ಹೇಳಿದರು: “ನಾನು ನಾಲ್ಕನೇ ಮಹಡಿಯ ಪರವಾಗಿ ಕೇಳುತ್ತಿದ್ದೇನೆ. ಒಂದೇ ಪ್ರಶ್ನೆ. ಲಿಫ್ಟು ನಿಂತ ತಾರೀಖುಗಳು ಇಲ್ಲಿವೆ. ಇದಕ್ಕೆ ಜವಾಬ್ದಾರರು ಯಾರು?”

“ಧನ್ಯವಾದ ಮೆನೇರ್” ಎಂದರು ಅಧ್ಯಕ್ಷೆ, ಸಾಹೇಬರೇ ಎಂಬ ಅರ್ಥದಲ್ಲಿ. “ನಾವು ಇದನ್ನು ಗಮನಕ್ಕೆ ತಗೊಂಡಿದ್ದೇವೆ.” ಈ ದೇಶದ ಸಭೆಗಳಲ್ಲಿ ಹಾಗೆಂದರೆ ಆ ವಿಷಯ ಅಲ್ಲಿಗೆ ಮುಗಿಯಿತು ಎಂದು ನನಗೂ ಗೊತ್ತಾಗಿತ್ತು. ಸಾಹೇಬರು ನಿಂತೇ ಇದ್ದರು.

“ಕೂತ್ಕೊಳ್ಳಬಹುದು, ಮೆನೇರ್.”

“ಉತ್ತರ ಬಂದ ಮೇಲೆ.”

ಸಭೆ ಸೈಕಲ್ ಸ್ಟ್ಯಾಂಡಿನ ವಿಷಯಕ್ಕೆ ಹೋಯಿತು. ಅವರು ನಿಂತಿದ್ದರು. ಕಸದ ಡಬ್ಬಿಗಳ ವಿಷಯಕ್ಕೆ ಹೋಯಿತು. ನಿಂತಿದ್ದರು. ಯಾರೋ ಕಾಫಿ ತಂದುಕೊಟ್ಟರು. ಅದನ್ನು ಕೈಯಲ್ಲಿ ಹಿಡಿದೇ ನಿಂತರು. ಹಿಂದಿನ ಸಾಲಿನಲ್ಲಿ ಒಬ್ಬಳು, “ಎಷ್ಟು ಮುದ್ದು ಅಲ್ವಾ, ಅಜ್ಜ” ಎಂದು ಪಿಸುಗುಟ್ಟಿದಳು. ನನ್ನ ಕಿವಿ ಬಿಸಿಯಾಯಿತು. ತಾರೀಖು ಸಮೇತ ಪ್ರಶ್ನೆ ಕೇಳಿದ ಮನುಷ್ಯನನ್ನು ಬೆಕ್ಕಿನ ಮರಿಯ ಹಾಗೆ ನೋಡುತ್ತಿದ್ದರು. ಕೊನೆಗೆ ಅಧ್ಯಕ್ಷೆಯ ನಗು ಸೋತಿತು. ಅಲ್ಲಿಂದಲೇ ಯಾರಿಗೋ ಫೋನು ಮಾಡಿ ಒಂದು ಹೆಸರು, ಒಂದು ದಿನ ಹೇಳಿದರು. ಸಾಹೇಬರು ಕೂತರು, ಆರಿದ ಕಾಫಿ ಕುಡಿದರು. ಹೇಳಿದ ದಿನ ಹೊಸ ಮೋಟಾರು ಬಂತು.

ಸಭೆಯ ದಿನ ವಾಪಸ್ ಮೆಟ್ಟಿಲು ಹತ್ತುವಾಗ ಉಸಿರು ತೆಗೆದುಕೊಳ್ಳಲು ನಿಂತು ನನಗೆ ಪಾಠ ಹೇಳಿದರು. “ಮೊದಲು ಯಾರ ಪರವಾಗಿ ಕೇಳ್ತಿದ್ದೀಯ ಅಂತ ಹೇಳು. ಆಮೇಲೆ ಒಂದೇ ಪ್ರಶ್ನೆ. ಎರಡು ಕೇಳಿದರೆ ಅವರು ಸುಲಭದ್ದನ್ನು ಆರಿಸಿಕೊಳ್ಳುತ್ತಾರೆ. ಭಾಷಣ ಬೇಡ. ಮತ್ತೆ, ಉತ್ತರ ಬರುವವರೆಗೆ ಕೂರಬೇಡ.”

ಇನ್ನು ಆ ಫೋಟೊ. ಅದು ಅವರ ಮನೆಯಲ್ಲಿ ಬಚ್ಚಲಿಗೆ ಹೋಗುವ ಕಡೆ, ಕೋಟುಗಳನ್ನು ನೇತುಹಾಕುವ ಗೋಡೆಯ ಮೇಲಿತ್ತು. ಬಂದವರೆಲ್ಲ ಕೋಟುಗಳನ್ನು ಸರಿಸಿ ಅದನ್ನೇ ನೋಡುತ್ತಿದ್ದರು. “ಹೊಸ ಸದಸ್ಯರನ್ನೆಲ್ಲ ಸಾಲಾಗಿ ನಿಲ್ಲಿಸಿ ತೆಗೆದದ್ದು. ನನ್ನ ಮುಂದಿನವನಿಗೂ ಒಂದು ಸಿಕ್ಕಿತು, ಹಿಂದಿನವನಿಗೂ ಒಂದು ಸಿಕ್ಕಿತು” ಎಂದು ಅವರು ಎಷ್ಟು ಹೇಳಿದರೂ ಯಾರೂ ಕೇಳಿಸಿಕೊಳ್ಳಲಿಲ್ಲ.

ವಲಸೆ ಬಂದ ಹಿರಿಯರ ನೆನಪುಗಳನ್ನು ಸಂಗ್ರಹಿಸುತ್ತಿದ್ದ ಒಬ್ಬರು ಒಮ್ಮೆ ರೆಕಾರ್ಡರ್ ಹಿಡಿದು ಬಂದರು. ಮಾತು ತಿಳಿಸಲು ನಾನು ಪಕ್ಕದಲ್ಲಿದ್ದೆ. ಅರಮನೆ ಹೇಗಿತ್ತು? ರಾಜ ಏನು ಊಟ ಮಾಡುತ್ತಿದ್ದ? ರತ್ನಗಂಬಳಿಗಳು? ಸಾಹೇಬರು ಪ್ರತಿ ಪ್ರಶ್ನೆಗೂ ಸೌಜನ್ಯದಿಂದ “ನನಗೆ ಗೊತ್ತಿಲ್ಲ” ಎಂದು, ಪ್ರತಿ ಸಲವೂ ಗೋಧಿಯ ವಿಷಯಕ್ಕೆ ಬರಲು ನೋಡಿದರು. ಬಂದವರು ಗಡಿಯಾರ ನೋಡಿಕೊಂಡರು. ಕೆಲವು ತಿಂಗಳ ಮೇಲೆ ಅಚ್ಚಾದ ಪುಸ್ತಿಕೆಯಲ್ಲಿ ಅವರ ಬಗ್ಗೆ ಇದ್ದದ್ದು ಒಂದು ವಾಕ್ಯ: ಇವರು ರಾಜನನ್ನು ಬಲ್ಲವರು. ನಾನು ಆ ಪುಸ್ತಿಕೆಯನ್ನು ಮೇಜಿನ ಮೇಲೆ ಕುಕ್ಕಿದೆ. ಅವರಿಗೆ ಕೋಪ ಬರಲಿಲ್ಲ. “ರಾಜ ಕೆಟ್ಟವನಲ್ಲ, ದುಖ್ತರಮ್. ನನ್ನ ಕಥೆಯಲ್ಲಿ ಅವನಿಲ್ಲ, ಅಷ್ಟೆ” ಎಂದರು.

ಅವರ ಕಥೆ ಗೋಧಿಯದು. ನನಗೆ ಹಲವು ಶನಿವಾರಗಳಲ್ಲಿ ತುಂಡುತುಂಡಾಗಿ ಸಿಕ್ಕಿದ್ದನ್ನು ಇಲ್ಲಿ ಜೋಡಿಸುತ್ತಿದ್ದೇನೆ.

ಅವರು ಶಾಲಾ ಮೇಷ್ಟರು. ಚುನಾವಣೆಯಲ್ಲಿ ಎದುರಾಳಿ ಆ ಕಡೆಯ ದೊಡ್ಡ ಜಮೀನ್ದಾರ. ಮೇಷ್ಟರ ಹತ್ತಿರ ಇದ್ದದ್ದು ಒಂದು ಬಾಡಿಗೆ ಕುದುರೆ, ಮತ್ತು ಓದಲು ಕಲಿಸಿದ ಮಕ್ಕಳ ಅಪ್ಪಂದಿರು. ಹೊಸ ಸಂವಿಧಾನ ಹೆಂಗಸರಿಗೂ ಓಟು ಕೊಟ್ಟಿತ್ತು, ಆದರೆ ಅವರ ಊರಿನಲ್ಲಿ ಹಾಕಲು ಬಂದವರು ಬೆರಳೆಣಿಕೆಯಷ್ಟು. ಅವರಲ್ಲಿ ಮದುವೆಯಾಗಿ ವರ್ಷ ತುಂಬದ ಬೀಬಿಯೂ ಒಬ್ಬರು. “ಯಾರಿಗೆ ಹಾಕಿದಳು ಅಂತ ಇವತ್ತಿನವರೆಗೂ ಹೇಳಿಲ್ಲ” ಎಂದು ಸಾಹೇಬರು ಒಳಗೆ ಕೇಳಿಸುವ ಹಾಗೆ ಗಟ್ಟಿಯಾಗಿ ಹೇಳುತ್ತಿದ್ದರು. “ಜಮೀನ್ದಾರ ನೋಡೋಕೆ ನನಗಿಂತ ಚೆನ್ನಾಗಿದ್ದ!” ಒಳಗಿನಿಂದ ಬೀಬಿ: “ಓಟು ಗುಟ್ಟು ಅಂತ ಹೇಳಿಕೊಟ್ಟವರು ನೀವೇ. ಚಹಾ ಆರುತ್ತೆ.”

ಅವರು ಗೆದ್ದರು. ಗೆದ್ದ ಮೇಲಿನ ವರ್ಷಗಳಲ್ಲಿ ಬೆಟ್ಟಗಳ ಮೇಲೆ ಹಿಮ ಬೀಳಲಿಲ್ಲ, ಬೆಳೆ ಬರಲಿಲ್ಲ, ಜನ ಹಸಿವಿನಿಂದ ಸಾಯತೊಡಗಿದರು. ಹೊರದೇಶಗಳಿಂದ ಗೋಧಿ ಬಂತು. ಅವರ ಕ್ಷೇತ್ರಕ್ಕೆ ಬರಲಿಲ್ಲ. ಅವರು ಕೆಳಮನೆಯಲ್ಲಿ ಪ್ರಶ್ನೆ ಕೊಟ್ಟರು: ನಮ್ಮ ಕ್ಷೇತ್ರದ ಗೋಧಿ ಯಾವ ಗೋದಾಮಿಗೆ ಹೋಯಿತು, ಅಲ್ಲಿಂದ ಎತ್ತಿದವರು ಯಾರು? ಮಂತ್ರಿ ಬಂದು ಉತ್ತರ ಹೇಳಬೇಕಾದರೆ ಸದನದಲ್ಲಿ ಕೋರಂ ಇರಬೇಕು. ಕೋರಂ ಆಗುತ್ತಲೇ ಇರಲಿಲ್ಲ. ಗಂಟೆ ಬಾರಿಸುವುದು, ಖಾಲಿ ಕುರ್ಚಿ ನೋಡುವುದು, ಮುಂದೂಡುವುದು. ಮೇಷ್ಟರು ತರಗತಿ ತಪ್ಪಿಸಿದ ಹುಡುಗರನ್ನು ಹಿಡಿದು ತರುವ ಹಾಗೆ ಕಾಬೂಲಿನಲ್ಲಿ ಸದಸ್ಯರ ಮನೆಮನೆಗೆ ಹೋದರು. ಒಬ್ಬರನ್ನು ಮದುವೆಯ ಊಟದ ನಡುವಿನಿಂದಲೇ ಎಬ್ಬಿಸಿದರು. ಇನ್ನೊಬ್ಬರನ್ನು ಹಮಾಮಿನಿಂದ ಒದ್ದೆ ತಲೆಯಲ್ಲೇ ಕರೆತಂದರು.

ಇನ್ನೇನು ಕೋರಂ ಆಗುತ್ತದೆ ಎನ್ನುವಾಗ ಮಂತ್ರಿಯ ಕಡೆಯವರೊಬ್ಬರು ಅವರನ್ನು ಚಹಾಕ್ಕೆ ಕರೆದರು. ಮೇಲ್ಮನೆಯಾದ ಸೆನೆಟ್ಟಿನಲ್ಲಿ ಒಂದು ಜಾಗ ಖಾಲಿಯಿದೆ, ರಾಜರು ನಾಮಕರಣ ಮಾಡುತ್ತಾರೆ, ಚುನಾವಣೆಯ ತಲೆನೋವಿಲ್ಲ. ಆ ಗೋಧಿಯ ಪ್ರಶ್ನೆ ಮಾತ್ರ ವಾಪಸ್ ತಗೊಳ್ಳಿ. ಮೇಷ್ಟರು ಹೇಳಿದರು: “ನನ್ನನ್ನು ಇಲ್ಲಿ ಕೂರಿಸಿದವರು ಊರಲ್ಲಿದ್ದಾರೆ. ಅವರನ್ನು ಕೇಳಿ ಹೇಳುತ್ತೇನೆ.”

ನಿಜವಾಗಿಯೂ ಊರಿಗೆ ಹೋಗಿ ಕುರ್ಚಿ ಹಾಕಿಕೊಂಡು ಕೇಳಿದರು. ಕುರಿ ಕಾಯುವವನೊಬ್ಬ ಪಕ್ಕದಲ್ಲಿ ಕೂತು ಎಲ್ಲ ಕೇಳಿಸಿಕೊಂಡು, “ನೀನು ಮೇಲಕ್ಕೆ ಹೋದರೆ ಗೋಧಿ ಬರುತ್ತದಾ?” ಎಂದ. ಇಲ್ಲ ಎಂದರು. “ಹಾಗಾದರೆ ನಮಗೇನು? ಇದ್ದಲ್ಲೇ ಇರು.” ಮೇಷ್ಟರು ಇದ್ದಲ್ಲೇ ಇದ್ದರು. ಮತ್ತೆ ಕೋರಂ ಕೂಡಿಸುವಷ್ಟರಲ್ಲಿ, ರಾಜ ಪರದೇಶದಲ್ಲಿದ್ದಾಗ, ಅವನ ರಕ್ತಸಂಬಂಧಿಯೇ ಅಧಿಕಾರ ಕಿತ್ತುಕೊಂಡ. ಸಂಸತ್ತಿಗೆ ಬೀಗ ಬಿತ್ತು. ಆಮೇಲೆ ಅವರಿಗೆ ಸೆರೆಮನೆ, ಪೇಶಾವರ, ಕೊನೆಗೆ ಕಾಪೆಲ್ಲೆ. “ಪ್ರಶ್ನೆ ಇನ್ನೂ ಬಾಕಿ ಇದೆ” ಎನ್ನುತ್ತಿದ್ದರು, ಹೋದ ವಾರವಷ್ಟೇ ಕೇಳಿದ ಹಾಗೆ.

ಅಂಥವರನ್ನು, ಸತ್ತ ಮರುದಿನವೇ, ಅವರು ಬೇಡವೆಂದ ಅದೇ ಕುರ್ಚಿಯಲ್ಲಿ ಕೂರಿಸಿಬಿಟ್ಟಿದ್ದರು.

ಮಾತನಾಡಿಸಲು ಹೋದಾಗ ಬಾಗಿಲು ತೆಗೆದದ್ದು ಮಗ. ಐವತ್ತು ದಾಟಿದ, ಲೆಕ್ಕಪತ್ರದ ಕಚೇರಿಯಲ್ಲಿ ದುಡಿಯುವ, ಸದಾ ದಣಿದ ಮನುಷ್ಯ. ಸಂತಾಪ ಹೇಳಿದ ಮೇಲೆ ಸುಮ್ಮನಿರಲು ನನ್ನಿಂದ ಆಗಲಿಲ್ಲ. ಆ ಎರಡು ಸಾಲು ತಪ್ಪು ಎಂದೆ.

“ಗೊತ್ತು” ಎಂದರು ಇಂಗ್ಲಿಷಿನಲ್ಲಿ. “ಸೆನೆಟರ್ ಅಂದರೆ ಇಲ್ಲಿಯವರಿಗೆ ಅರ್ಥವಾಗುತ್ತದೆ. ಪೇಶಾವರದಲ್ಲಿ ಅವರನ್ನು ನಿರಾಶ್ರಿತ ಅಂತ ಬರೆದುಕೊಂಡರು. ಇಲ್ಲಿ ಕ್ಯಾಂಪಿನಲ್ಲಿ ವೃತ್ತಿ ಇಲ್ಲ ಅಂತ ಬರೆದುಕೊಂಡರು. ಒಂದು ಕಡೆಯಾದರೂ ದೊಡ್ಡದಾಗಿ ಬರೆಯಲಿ. ಫಾತಿಹಾ ಮುಗಿದ ಮೇಲೆ ಸಮಾಧಿಯ ಕಲ್ಲಿಗೂ ಅದನ್ನೇ ಕಳಿಸುತ್ತೇನೆ.”

ಕಲ್ಲಿಗೆ! ಫೋನಿನ ಚಿತ್ರ ನಾಲ್ಕು ದಿನಕ್ಕೆ ಮರೆತುಹೋಗುತ್ತದೆ. ಕಲ್ಲು ಹಾಗಲ್ಲ. “ಅದನ್ನ ಅವರು ಬೇಡ ಅಂದವರು” ಎಂದೆ.

“ಅಪ್ಪ ಬೇಡ ಅಂದರು. ನಾನು ಬೇಡ ಅಂದಿರಲಿಲ್ಲ. ಅಮ್ಮ ಬೇಡ ಅಂದಿರಲಿಲ್ಲ. ಅಂದು ಹೂಂ ಅಂದಿದ್ದರೆ ನಮ್ಮ ಬದುಕು ಬೇರೆಯೇ ಆಗ್ತಿತ್ತು.” ಅವರ ದನಿ ಏರಲಿಲ್ಲ. ಅವರ ಬಾಲ್ಯ ಸೆರೆಮನೆಯ ಬಾಗಿಲಲ್ಲಿ ಕಳೆದದ್ದು ನನಗೆ ಗೊತ್ತಿತ್ತು. ಆದರೂ ಸಿಟ್ಟು ಹೋಗಲಿಲ್ಲ. ವರಾಂಡದಲ್ಲಿ ವಾಪಸ್ ನಡೆಯುತ್ತ ನಮ್ಮ ಮನೆತನವನ್ನೂ ಸೇರಿಸಿ ಬೈದುಕೊಂಡೆ. ನಮ್ಮಲ್ಲೂ ನಿಜಾಮನ ಕಚೇರಿಯ ಜವಾನರೊಬ್ಬರು ಮೂರು ತಲೆಮಾರಿನಲ್ಲಿ ದಫೇದಾರರಾಗಿ, ಪೇಶ್ಕಾರರಾಗಿ, ಈಗ ಮದುವೆ ಮಾತುಕತೆಗಳಲ್ಲಿ ಜಾಗೀರದಾರರೇ ಆಗಿದ್ದಾರೆ. ದೊರೆಯ ಬಾಗಿಲು ಕಾಯ್ದದ್ದು ನಮಗೆ ಹೆಮ್ಮೆ. ಜನ ಆರಿಸಿದ್ದು ಯಾಕೆ ಸಾಲುವುದಿಲ್ಲ?

ಫಾತಿಹಾ ಎಂದರೆ ಸತ್ತವರಿಗಾಗಿ ಎಲ್ಲರೂ ಸೇರಿ ಮಾಡುವ ಪ್ರಾರ್ಥನೆ. ಬಾಡಿಗೆಯ ಸಭಾಂಗಣವೊಂದರಲ್ಲಿ ನಡುವೆ ಮಡಚುವ ಗೋಡೆ ಎಳೆದು, ಆಚೆ ಗಂಡಸರು, ಈಚೆ ಹೆಂಗಸರು ಕೂತಿದ್ದೆವು. ಗೋಡೆಯ ತುದಿಯಲ್ಲಿ, ಚಹಾದ ಹಂಡೆ ಇಟ್ಟ ಕಡೆ, ಒಂದು ಬಾಗಿಲಿನಷ್ಟು ಸಂದಿ. ಕುರಾನ್ ಪಠಣ ಮುಗಿಯಿತು. ಮೈಕಿನಲ್ಲಿ ಮಗ ತಂದೆಯ ಪರಿಚಯ ಓದಿದರು. ಭಾಷೆ ಪೂರ್ತಿ ತಿಳಿಯದಿದ್ದರೂ ಸೆನೆಟರ್ ಎಂಬುದು ಮೂರು ಸಲ ಕೇಳಿಸಿತು. ನನ್ನ ಮುಂದೆ ಕೂತಿದ್ದ ಬೀಬಿ ತಲೆ ತಗ್ಗಿಸಿಕೊಂಡಿದ್ದರು. ಯಾರಾದರೂ ಎರಡು ಮಾತು ಹೇಳುವವರಿದ್ದಾರೆಯೇ ಎಂದು ಮಗ ಕೇಳಿದರು.

ನಾನು ಹೋಗಿ ಆ ಸಂದಿಯಲ್ಲಿ ನಿಂತೆ. ನನ್ನ ದಖನಿಯಲ್ಲೇ ಹೇಳಿದೆ. ಪೇಶಾವರ ಕಂಡ ಅರ್ಧ ಸಭೆಗೆ ಅದು ತಿಳಿಯುತ್ತದೆ.

“ನಾನು ನಾಲ್ಕನೇ ಮಹಡಿಯ ಪರವಾಗಿ ಕೇಳುತ್ತಿದ್ದೇನೆ. ಒಂದೇ ಪ್ರಶ್ನೆ. ವಕೀಲ್ ಸಾಹೇಬರನ್ನು ಸಂಸತ್ತಿಗೆ ಕಳಿಸಿದ್ದು ರಾಜನೋ, ಜನವೋ?”

ಗದ್ದಲವೇನೂ ಆಗಲಿಲ್ಲ. ಲೋಟಗಳ ಸದ್ದು ನಿಂತಿತು. ಮಗ ಮೈಕನ್ನು ಕೆಳಗಿಳಿಸಿ, “ತಂಗಿ, ಇವತ್ತು ಬೇಡ. ದಯವಿಟ್ಟು ಕೂತ್ಕೊಳ್ಳಿ” ಎಂದರು. ಹಿರಿಯರೊಬ್ಬರು, “ಯಾವ ಮನೆಯಾದರೇನಮ್ಮ? ಇಲ್ಲಿ ಯಾರಿಗೆ ಆ ವ್ಯತ್ಯಾಸ ಗೊತ್ತು?” ಎಂದರು. ನಾನು ಕೂರಲಿಲ್ಲ. ಎಷ್ಟು ಹೊತ್ತು ನಿಲ್ಲಬಲ್ಲೆ ಎಂದು ಭಯವಾಯಿತು.

ಆಗ ಹಿಂದಿನಿಂದ ಯಾರೋ ನನ್ನ ಭುಜ ಹಿಡಿದರು. ಎಳೆದು ಕೂರಿಸಲು ಬಂದವರು ಎಂದುಕೊಂಡೆ. ಬೀಬಿ. ಕಾಲು ಎಳೆದುಕೊಂಡು ಅಷ್ಟು ದೂರ ನಡೆದು ಬಂದಿದ್ದರು. ನನ್ನ ಮೇಲೆ ಭಾರ ಬಿಟ್ಟು ಗಂಡಸರ ಕಡೆ ನೋಡಿ ಮಾತನಾಡಿದರು. ಸೊಸೆ ಪಕ್ಕಕ್ಕೆ ಬಂದು ಮೆಲ್ಲಗೆ ನನಗೆ ಅರ್ಥ ಹೇಳಿದಳು.

“ವ್ಯತ್ಯಾಸ ನನಗೆ ಗೊತ್ತು. ನಾನು ಓಟು ಹಾಕಿದ್ದೇನೆ. ನನ್ನ ಅತ್ತೆ ಜಮೀನ್ದಾರನಿಗೆ ಹೆದರಿ ಅವನಿಗೆ ಹಾಕಿದರು. ನಾನು ಇವರಿಗೆ ಹಾಕಿದೆ. ಇವರು ಕೇಳಿ ಕೇಳಿ ಸತ್ತರು, ನಾನು ಹೇಳಲಿಲ್ಲ. ಈಗ ಹೇಳ್ತಿದ್ದೀನಿ. ನಾನು ಹಾಕಿದ ಓಟನ್ನ ನನ್ನ ಮಗ ಅಳಿಸಬಾರದು.”

ಹೇಳಿದ ಮೇಲೂ ಅವರು ಕೂರಲಿಲ್ಲ. ಸೊಸೆ ಕುರ್ಚಿ ತಂದಳು. ಅದರ ಬೆನ್ನು ಹಿಡಿದುಕೊಂಡರು, ಕೂರಲಿಲ್ಲ. ಗಂಡ ಸಭೆಗಳಲ್ಲಿ ಏನು ಮಾಡುತ್ತಿದ್ದರು ಎಂಬುದು ಬರೀ ಚಹಾ ತಂದಿಡುತ್ತಿದ್ದ ಈ ಹೆಂಗಸಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಮಗ ತಾಯಿಯ ಮಂಡಿಗಳನ್ನು ನೋಡಿದರು, ಮುಖ ನೋಡಿದರು. ಆಮೇಲೆ ಮೈಕನ್ನು ಬಾಯಿಯ ಹತ್ತಿರ ತಂದರು.

“ನನ್ನ ತಂದೆ ಕೆಳಮನೆಯ ಸದಸ್ಯರು” ಎಂದರು. “ಜನ ಆರಿಸಿ ಕಳಿಸಿದವರು. ಕಲ್ಲಿನ ಮೇಲೆ ಹಾಗೇ ಬರೆಸುತ್ತೇನೆ.”

ಬೀಬಿ ಕೂತರು. ಆಮೇಲೆ ನಾನು ಕೂತೆ.

ಆ ಚಿತ್ರ ಈಗಲೂ ಫೋನಿಂದ ಫೋನಿಗೆ ಹರಿದಾಡುತ್ತಿದೆ. ನನಗೆ ಬಂದಾಗಲೆಲ್ಲ ಕಳಿಸಿದವರಿಗೆ ತಿದ್ದಿ ಬರೆಯುತ್ತೇನೆ. ಕಲ್ಲಿನ ಪ್ರಶ್ನೆಗೆ ಉತ್ತರ ಬಂತು ಎಂದು ದಿನಚರಿಯಲ್ಲಿ ಬರೆದು ಗೆರೆ ಎಳೆದಿದ್ದೇನೆ. ಗೋಧಿಯದರ ಮೇಲೆ ಎಳೆದಿಲ್ಲ. ಅದು ಇನ್ನೂ ಬಾಕಿ ಇದೆ.